ಬೆಳಕು ಎಷ್ಟು ಅಂತ ಬರೆದಿರಿ, ಒಗೆಯುವುದು ಹೇಗೆ ಅಂತ ಬರೆಯಲಿಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬೆಳಗುವ ಬಟ್ಟೆ, ತುಂಡು ತುಂಡು ಜೋಡಿಸಿ ಕಟ್ಟುವ ಪರದೆ ಅಂತ ಹೊಸ ಆವಿಷ್ಕಾರಗಳ ಬಗ್ಗೆ ಒಂದು ಲೇಖನ ಬಂದಿತ್ತು. ಚೆನ್ನಾಗಿತ್ತು. ಫೋಟೊಗಳೂ ಚೆನ್ನಾಗಿದ್ದವು. ಆದರೂ ಓದಿ ಮುಗಿಸಿದ ಮೇಲೆ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಲೇ ಇತ್ತು. ಏನು ಅಂತ ಎರಡು ದಿನ ಹೊಳೆಯಲಿಲ್ಲ. ಆಮೇಲೆ ಒಂದು ಹಳೇ ಬೋರ್ಡ್ ಬಿಚ್ಚಿಕೊಂಡು ಕೂತಾಗ ತಟ್ಟನೆ ಗೊತ್ತಾಯಿತು. ಇಡೀ ಲೇಖನದಲ್ಲಿ ಬೆಳಕಿನ ಮಾತಿದೆ, ಬಣ್ಣದ ಮಾತಿದೆ, ಎಷ್ಟು ಚುಕ್ಕೆ ಅನ್ನುವ ಲೆಕ್ಕ ಇದೆ. ಜೋಡಣೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ.

ನಾನು ಎಲ್‌ಇಡಿ ಡಿಸ್‌ಪ್ಲೇ ಕೂರಿಸುವವನು, ಕೆಟ್ಟರೆ ರಿಪೇರಿ ಮಾಡುವವನು. ದೊಡ್ಡ ಓದು ಓದಿದವನಲ್ಲ. ಆದರೆ ಇಷ್ಟು ವರ್ಷದಲ್ಲಿ ನನ್ನನ್ನು ಏಣಿ ಹತ್ತಿಸಿದ್ದು ಬಹುಪಾಲು ಕನೆಕ್ಟರ್, ಕೇಬಲ್, ಸ್ಕ್ರೂ ಮತ್ತು ಸಂದು. ದೀಪವೇ ಸುಟ್ಟುಹೋಗಿ ಕರೆದವರು ಕಮ್ಮಿ.

ದೂರದಿಂದ ಒಂದೇ ದೊಡ್ಡ ಪರದೆ ಥರ ಕಾಣುವುದು ನಿಜಕ್ಕೂ ನೂರಾರು ಸಣ್ಣ ಹಲಗೆಗಳ ಸಾಲು. ಈ ಹಲಗೆಗೆ ನಾವು ಮಾಡ್ಯೂಲ್ ಅಂತೀವಿ. ಹೊರಾಂಗಣದಲ್ಲಿ ಜಾಸ್ತಿ ಕಾಣುವ ಪಿ10 ಮಾಡ್ಯೂಲನ್ನೇ ತಗೊಳ್ಳಿ. ಪಿ ಅಂದರೆ ಪಿಚ್, ಅಂದರೆ ಒಂದು ಚುಕ್ಕೆಯಿಂದ ಪಕ್ಕದ ಚುಕ್ಕೆಗೆ ಇರುವ ದೂರ. ಇಲ್ಲಿ ಅದು 10 ಮಿಲಿಮೀಟರ್. ಹಲಗೆಯ ಅಳತೆ 320ಕ್ಕೆ 160 ಮಿಲಿಮೀಟರ್. ಅಗಲಕ್ಕೆ 32, ಎತ್ತರಕ್ಕೆ 16, ಒಟ್ಟು 512 ಚುಕ್ಕೆ. ಅದೇ ಅಳತೆಯ ಪಿ2.5 ತಗೊಂಡರೆ ಅದೇ ಜಾಗದಲ್ಲಿ 8,192 ಚುಕ್ಕೆ ಇರುತ್ತವೆ. ಹಲಗೆಯ ಹಿಂಬದಿಯಲ್ಲಿ 5 ವೋಲ್ಟ್ ಕರೆಂಟಿಗೆ ಒಂದು ಜಾಗ, ಮಾಹಿತಿ ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ಒಂದು ಮಾಡ್ಯೂಲಿನ ಹೊರಬಾಗಿಲಿನಿಂದ ಮುಂದಿನದರ ಒಳಬಾಗಿಲಿಗೆ 16 ಎಳೆಯ ಚಪ್ಪಟೆ ರಿಬ್ಬನ್ ಕೇಬಲ್. ಬೆಂಕಿ ಆರಿಸುವಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸುತ್ತಾರಲ್ಲ, ಹಾಗೆ ಚಿತ್ರದ ಮಾಹಿತಿ ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ.

ಸಾಲಿನಲ್ಲಿ ಒಬ್ಬ ಕೈಬಿಟ್ಟರೆ ಏನಾಗುತ್ತೆ? ಅವನ ಮುಂದಿನವರಿಗೆಲ್ಲ ನೀರಿಲ್ಲ. ಒಂದು ರಾತ್ರಿ ಒಂದು ಸಭಾಂಗಣದಲ್ಲಿ ಬೋರ್ಡಿನ ಬಲಗಡೆಯ ಒಂದು ಸಾಲು ಪೂರ್ತಿ ಕಪ್ಪಾಗಿತ್ತು. ಬೆಳಗ್ಗೆ ಅಲ್ಲಿ ಕಾರ್ಯಕ್ರಮ. ನಾಲ್ಕು ಮಾಡ್ಯೂಲ್ ಸತ್ತಿವೆ ಅಂತ ಅವರು ಖಚಿತವಾಗಿ ಹೇಳಿದರು. ನಾನೂ ನಂಬಿ ನಾಲ್ಕು ಹೊಸವು ಹೊತ್ತುಕೊಂಡು ಹೋದೆ. ಹಾಕಿದೆ, ಉರಿಯಲಿಲ್ಲ. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಟಾರ್ಚ್ ಹಿಡಿದು ನೋಡಿದರೆ, ನಾಲ್ಕಕ್ಕಿಂತ ಹಿಂದಿನ, ಸರಿಯಾಗಿ ಉರಿಯುತ್ತಿದ್ದ ಮಾಡ್ಯೂಲಿನ ಹೊರಬಾಗಿಲಿನಲ್ಲಿ ಒಂದೇ ಒಂದು ಪಿನ್ನು ಬಾಗಿ ಕೂತಿತ್ತು. ಸೂಜಿಯಷ್ಟು ಸಣ್ಣ ಪಿನ್ನು! ಚಿಮುಟದಲ್ಲಿ ನೆಟ್ಟಗೆ ಮಾಡಿದೆ, ಇಡೀ ಸಾಲು ಎದ್ದು ಕೂತಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಸುಸ್ತಾಗಿತ್ತು, ಹೇಗೂ ಹಾಕಿದ್ದೀನಲ್ಲ ಅಂತ ಹೊಸ ನಾಲ್ಕನ್ನು ಹಾಗೇ ಬಿಟ್ಟು ಬಂದೆ. ಮಾರನೇ ದಿನ ಫೋನ್ ಬಂತು. ಬಿಳಿ ಹಿನ್ನೆಲೆ ಬಂದಾಗಲೆಲ್ಲ ಬಲ ಮೂಲೆಯಲ್ಲಿ ನಾಲ್ಕು ಚೌಕ ಬೇರೆ ಬಣ್ಣ ಕಾಣುತ್ತಿದೆಯಂತೆ, ಹಳೇ ಅಂಗಿಗೆ ಹೊಸ ತೇಪೆ ಹಾಕಿದ ಹಾಗೆ. ಎಲ್‌ಇಡಿಗಳು ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತವೆ. ಉರಿದು ಉರಿದು ಹಳೆಯವು ಮಂಕಾಗಿರುತ್ತವೆ. ಅದಕ್ಕೇ ಬುದ್ಧಿವಂತರು ಬೋರ್ಡ್ ಕೊಳ್ಳುವಾಗಲೇ ಅದೇ ಬ್ಯಾಚಿನ ಹತ್ತಾರು ಮಾಡ್ಯೂಲ್ ಜಾಸ್ತಿ ತಗೊಂಡು ಎತ್ತಿಡುತ್ತಾರೆ. ತುಂಡು ಬದಲಿಸಬಹುದು ಅನ್ನುವುದು ಬೇರೆ, ಬದಲಿಸಿದ್ದು ಕಾಣದ ಹಾಗೆ ಇರುವುದು ಬೇರೆ ಅಲ್ವಾ? ಈ ಎರಡನೆಯದಕ್ಕೆ ಕ್ಯಾಮೆರಾದಲ್ಲಿ ಒಂದೊಂದು ಚುಕ್ಕೆಯ ಬೆಳಕು ಅಳೆದು ಹೊಂದಿಸುವ ಕ್ಯಾಲಿಬ್ರೇಷನ್ ಬಂದಿದೆ. ಬಿಂದಿಗೆ ಸಾಲು ತುಂಡಾದರೆ ಇನ್ನೊಂದು ತುದಿಯಿಂದ ಮಾಹಿತಿ ಕಳಿಸುವ ವ್ಯವಸ್ಥೆಯೂ ದೊಡ್ಡ ಪರದೆಗಳಲ್ಲಿ ಇದೆ. ಇಂಥವು ಫೋಟೊದಲ್ಲಿ ಬರುವುದಿಲ್ಲ. ಆದರೆ ನನ್ನ ಪ್ರಕಾರ ನಿಜವಾದ ಆವಿಷ್ಕಾರ ಇವೇ.

ತುಂಡು ಜೋಡಿಸಿ ಪರದೆ ಕಟ್ಟುವುದು ಎಲ್‌ಇಡಿ ಜೊತೆ ಬಂದದ್ದು ಅಂತ ನಿಮ್ಮ ಲೇಖನ ಓದಿದವರಿಗೆ ಅನ್ನಿಸಬಹುದು. ಹಾಗೇನಿಲ್ಲ. 1980ರಲ್ಲೇ ಮಿತ್ಸುಬಿಷಿಯವರು ಅಮೆರಿಕದ ಡಾಡ್ಜರ್ ಕ್ರೀಡಾಂಗಣದಲ್ಲಿ ಡೈಮಂಡ್ ವಿಷನ್ ಅಂತ ದೊಡ್ಡ ಪರದೆ ನಿಲ್ಲಿಸಿದ್ದರು. 1985ರಲ್ಲಿ ಜಪಾನಿನ ತ್ಸುಕುಬಾ ಎಕ್ಸ್‌ಪೋದಲ್ಲಿ ಸೋನಿಯ ಜಂಬೋಟ್ರಾನ್ ಬಂತು, 40 ಮೀಟರ್ ಅಗಲ, 25 ಮೀಟರ್ ಎತ್ತರ. ಅವುಗಳ ಒಳಗೆ ಇದ್ದದ್ದು ಗಾಜಿನ ಕೊಳವೆಯ ದೀಪಗಳು. ಆಗ ಎಲ್‌ಇಡಿಯಲ್ಲಿ ಕೆಂಪು ಇತ್ತು, ಕಣ್ಣು ಕುಕ್ಕುವ ನೀಲಿ ಇರಲಿಲ್ಲ. ಆ ನೀಲಿಗಾಗಿ 1990ರ ದಶಕದ ತನಕ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ದೀಪ ಬದಲಾಯಿತು, ತುಂಡು ಜೋಡಿಸುವ ಉಪಾಯ ಹಾಗೇ ಉಳಿಯಿತು.

ಯಾಕೆ ಉಳಿಯಿತು ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಈಗ ಎಲ್ಲರ ಬಾಯಲ್ಲೂ ಇರುವ ಮೈಕ್ರೋ ಎಲ್‌ಇಡಿಯಲ್ಲಿ, ಅಂದರೆ ತೀರಾ ಸಣ್ಣ ಎಲ್‌ಇಡಿಗಳಲ್ಲಿ, 4ಕೆ ಪರದೆ ಮಾಡಬೇಕು ಅಂದರೆ 3,840ಕ್ಕೆ 2,160 ಚುಕ್ಕೆ ಬೇಕು, ಒಂದೊಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಮೂರು ದೀಪ. ಒಟ್ಟು ಸುಮಾರು 2 ಕೋಟಿ 49 ಲಕ್ಷ ದೀಪ. ಕೂರಿಸುವ ಯಂತ್ರ ಹತ್ತು ಸಾವಿರಕ್ಕೆ ಒಂದೇ ಒಂದು ತಪ್ಪು ಮಾಡುತ್ತದೆ ಅಂತಿಟ್ಟುಕೊಳ್ಳಿ. ಆಗಲೂ ಹತ್ತಿರ ಹತ್ತಿರ 2,500 ದೀಪ ಸತ್ತೇ ಹುಟ್ಟುತ್ತವೆ. ಇಡೀ ಪರದೆ ಒಂದೇ ಹಾಳೆಯಾಗಿದ್ದರೆ ಅದನ್ನು ಮೂಲೆಗೆಸೆಯಬೇಕು. ಸಣ್ಣ ಹಲಗೆಗಳಾಗಿದ್ದರೆ ಕೆಟ್ಟ ಹಲಗೆಯನ್ನು ಮಾತ್ರ ಆರಿಸಿ ತೆಗೆಯಬಹುದು. 2018ರಲ್ಲಿ ಸ್ಯಾಮ್‌ಸಂಗ್ ತೋರಿಸಿದ ದ ವಾಲ್ ಅನ್ನುವ ಪರದೆ ಕೂಡ ತುಂಡು ಜೋಡಿಸಿದ್ದೇ.

ಆದರೆ ತುಂಡು ಅಂದ ಮೇಲೆ ಸಂದು ಬಂತು. ಪಿ10ರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಯಾರಿಗೂ ಕಾಣುವುದಿಲ್ಲ. ಪಿಚ್ 1.2 ಮಿಲಿಮೀಟರ್ ಇರುವ ಪರದೆಯಲ್ಲಿ ಅಷ್ಟೇ ಸಂದು ಬಿಟ್ಟರೆ ಕಪ್ಪು ಗೆರೆ ಎಳೆದ ಹಾಗಿರುತ್ತದೆ, ತೀರಾ ಒತ್ತಿದರೆ ಬಿಳಿ ಗೆರೆ. ಇನ್ನು ಸಿಒಬಿ ಅಂತ ಬಂದಿದೆ. ದೀಪಗಳನ್ನು ನೇರವಾಗಿ ಬೋರ್ಡಿಗೆ ಕೂರಿಸಿ ಮೇಲೆ ಅಂಟಿನ ಪದರ ಸುರಿದು ಮುಚ್ಚಿಬಿಡುತ್ತಾರೆ. ಕೈ ತಗುಲಿದರೆ ಉದುರುವುದಿಲ್ಲ, ಒರೆಸಬಹುದು. ಒಳ್ಳೆಯದೇ. ಆದರೆ ಮೊದಲು ಸತ್ತ ಒಂದು ದೀಪವನ್ನು ನಾನು ಸೋಲ್ಡರಿಂಗ್ ಕಬ್ಬಿಣ ಹಿಡಿದು ಹತ್ತು ನಿಮಿಷದಲ್ಲಿ ಬದಲಿಸುತ್ತಿದ್ದೆ, ಈಗ ಒಂದು ದೀಪಕ್ಕೆ ಇಡೀ ಮಾಡ್ಯೂಲ್ ಕಳಿಸಬೇಕು. ಇದನ್ನು ಪ್ರಗತಿ ಅನ್ನಲೋ ಬೇಡವೋ ನನಗೆ ಇನ್ನೂ ತೀರ್ಮಾನ ಆಗಿಲ್ಲ. ನನ್ನ ಹೊಟ್ಟೆಪಾಡಿನ ಮಾತು ಅಂತ ನಗಬೇಡಿ.

ಈಗ ಬಟ್ಟೆಗೆ ಬರುತ್ತೇನೆ. ಲೇಖನದಲ್ಲಿ ಚೀನಾದ ಫುಡಾನ್ ವಿಶ್ವವಿದ್ಯಾಲಯದ ಬೆಳಗುವ ಬಟ್ಟೆಯ ಬಗ್ಗೆ ಒಂದು ವಾಕ್ಯ ಇತ್ತು, '5 ಲಕ್ಷ ಚುಕ್ಕೆಗಳಿರುವ ಅದ್ಭುತ ಬಟ್ಟೆ' ಅಂತ. ಲೆಕ್ಕ ಸರಿ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಅದು. 6 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, ಚುಕ್ಕೆಯಿಂದ ಚುಕ್ಕೆಗೆ ಸುಮಾರು 0.8 ಮಿಲಿಮೀಟರ್. ಆದರೆ ಅದ್ಭುತ ಇರುವುದು 5 ಲಕ್ಷದಲ್ಲಿ ಅಲ್ಲವೇ ಅಲ್ಲ! ಆ ಬಟ್ಟೆಯ ಮೇಲೆ ಯಾರೂ 5 ಲಕ್ಷ ದೀಪ ಅಂಟಿಸಿಲ್ಲ. ಹಾಸಿನ ಎಳೆಗೆ, ಅಂದರೆ ಮಗ್ಗದ ಉದ್ದದ ಎಳೆಗೆ, ಬೆಳಗುವ ಪುಡಿ ಬಳಿದಿದ್ದಾರೆ. ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಪಾರದರ್ಶಕ, ಅದರಲ್ಲಿ ಕರೆಂಟ್ ಹರಿಯುತ್ತದೆ. ಮಾಮೂಲಿಯಾಗಿ ನೇಯುತ್ತಾರೆ. ಎರಡು ಎಳೆ ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಬೆಳಕು. ಸೋಲ್ಡರ್ ಇಲ್ಲ, ಕನೆಕ್ಟರ್ ಇಲ್ಲ, ದೀಪ ಬೇರೆ ಜೋಡಣೆ ಬೇರೆ ಅಂತಲೂ ಇಲ್ಲ. ಎಳೆ ಎಳೆಗೆ ತಗುಲುವ ಜಾಗವೇ ದೀಪ. ಹೆಚ್ಚುಕಮ್ಮಿ ದಿನವೂ ಜೋಡಣೆ ಜೊತೆ ಗುದ್ದಾಡುವ ನನ್ನಂಥವನಿಗೆ ಇದನ್ನು ಮೊದಲು ಓದಿದಾಗ ಮೈ ಜುಮ್ ಅಂದಿತ್ತು.

ಇನ್ನೂ ಒಂದು ಮಜಾ ಇದೆ. ನಮ್ಮ ಬೋರ್ಡಿನಲ್ಲೂ ಪ್ರತಿ ದೀಪಕ್ಕೆ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲಿಗೆ ಒಂದು ಗೆರೆ, ಉದ್ದ ಸಾಲಿಗೆ ಒಂದು ಗೆರೆ. ಎರಡನ್ನೂ ಒಟ್ಟಿಗೆ ಎಬ್ಬಿಸಿದರೆ ಅವು ಸೇರುವ ಜಾಗದ ದೀಪ ಉರಿಯುತ್ತದೆ. ಸಾಲುಗಳನ್ನು ಸರದಿ ಮೇಲೆ ಎಷ್ಟು ಬೇಗ ಬೇಗ ಉರಿಸುತ್ತಾರೆ ಅಂದರೆ ಕಣ್ಣಿಗೆ ಎಲ್ಲ ಒಟ್ಟಿಗೇ ಉರಿದ ಹಾಗೆ ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಪರದೆ ಮೇಲೆ ಪಟ್ಟಿ ಪಟ್ಟಿ ಬರುತ್ತಲ್ಲ, ಅದು ಇದರಿಂದಲೇ. ಇದು ಹಾಸು ಹೊಕ್ಕು ಅಲ್ಲದೆ ಇನ್ನೇನು? ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಅನ್ನುವುದನ್ನು ತೂತಿನ ಕಾರ್ಡಿನಲ್ಲಿ ಬರೆದಿಟ್ಟ ಜಕಾರ್ಡ್ 1804ರಷ್ಟು ಹಿಂದಿನವನು. ಆ ಕಾರ್ಡಿನ ಉಪಾಯವನ್ನೇ ಮುಂದೆ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎತ್ತಿಕೊಂಡ. ಹಾಗಾಗಿ ಬಟ್ಟೆಗೆ ಎಲೆಕ್ಟ್ರಾನಿಕ್ಸ್ ಹೊಸದಾಗಿ ಬಂತು ಅನ್ನುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಎಲೆಕ್ಟ್ರಾನಿಕ್ಸ್ ಮಗ್ಗದ ಹಳೇ ಸಾಲ ತೀರಿಸಲು ಬಂದ ಹಾಗಿದೆ.

ಲೇಖನದ ಉತ್ಸಾಹಕ್ಕೆ ಸ್ವಲ್ಪ ನೀರು ಹಾಕಬೇಕಾದದ್ದೂ ಇಲ್ಲೇ. ಅಕ್ಷರಶಃ ನೀರು. ಹೋದ ವರ್ಷ ನನಗೂ ಆಸೆಯಾಯಿತು. ಲಿಲಿಪ್ಯಾಡ್ ಅಂತ ಒಂದು ಗುಂಡನೆಯ ಸಣ್ಣ ಬೋರ್ಡಿದೆ, ಬಟ್ಟೆಗೆ ಹೊಲಿಯಲಿಕ್ಕೇ ಅಂತ ಅಂಚಿನ ಸುತ್ತ ತೂತು ಇರುವುದು. 2007ರಲ್ಲಿ ಲೇಯಾ ಬ್ಯೂಕ್ಲಿ ಅನ್ನುವವರ ಕೆಲಸದಿಂದ ಮಾರುಕಟ್ಟೆಗೆ ಬಂದದ್ದು. ಅದನ್ನು ತರಿಸಿ, ಸ್ಟೀಲ್ ದಾರ ತರಿಸಿ, ಟೀಶರ್ಟಿನ ಎದೆ ಮೇಲೆ ಐದು ಬಿಳಿ ಎಲ್‌ಇಡಿ ಹೊಲಿದೆ. ನಮ್ಮಕ್ಕ ಹೊಲಿಗೆ ಕೆಲಸದವಳು. ನನ್ನ ಹೊಲಿಗೆ ನೋಡಿ ಪಾಪ ಏನೂ ಅನ್ನಲಿಲ್ಲ, ಸುಮ್ನೆ ಬಿಚ್ಚಿ ಮತ್ತೆ ಹೊಲಿದುಕೊಟ್ಟಳು. ಸ್ವಿಚ್ ಹಾಕಿದರೆ ಬ್ಯಾಟರಿ ಹತ್ತಿರದ ಎರಡು ಚೆನ್ನಾಗಿ ಉರಿದವು, ದೂರದ ಮೂರು ಮಂಕು. ಆ ದಾರಕ್ಕೆ ಅಡಿಗೆ ಸುಮಾರು 10 ಓಮ್ ಪ್ರತಿರೋಧ. ಹೋಗಲು ಒಂದಡಿ, ಬರಲು ಒಂದಡಿ, ಅಲ್ಲಿಗೆ 20 ಓಮ್. ಮೂರು ದೀಪಕ್ಕೆ 30 ಮಿಲಿಆಂಪಿಯರ್ ಹರಿದರೆ ದಾರದಲ್ಲೇ 0.6 ವೋಲ್ಟ್ ಕರಗಿಹೋಗುತ್ತದೆ. ನಾಣ್ಯದ ಹಾಗಿರುವ ಬ್ಯಾಟರಿಯಲ್ಲಿ ಇರುವುದೇ 3 ವೋಲ್ಟ್, ಬಿಳಿ ಎಲ್‌ಇಡಿಗೆ ಹೆಚ್ಚುಕಮ್ಮಿ ಅಷ್ಟೂ ಬೇಕು. ದೊಡ್ಡ ಬೋರ್ಡಿನಲ್ಲೂ ಇದೇ ರೋಗ. ಪವರ್ ವೈರ್ ಸಣ್ಣದು ಹಾಕಿದರೆ ಕೊನೆಯ ಮಾಡ್ಯೂಲುಗಳಲ್ಲಿ ಬಿಳಿ ಬಣ್ಣ ಕೆಂಪು ಕೆಂಪಾಗುತ್ತದೆ, ಯಾಕಂದರೆ ನೀಲಿ, ಹಸಿರಿಗೆ ವೋಲ್ಟೇಜ್ ಸಾಲದೆ ಅವು ಮೊದಲು ಸೊರಗುತ್ತವೆ.

ಸರಿ, ದಾರ ಎರಡು ಸುತ್ತು ಹೊಲಿದು ಅದನ್ನೂ ಸರಿ ಮಾಡಿದೆವು. ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಅಕ್ಕ ಮಾತ್ರ 'ಮೊದಲು ಒಗೆದು ತೋರಿಸು, ಆಮೇಲೆ ಹೊಗಳಿಕೋ' ಅಂದಳು. ಬ್ಯಾಟರಿ ತೆಗೆದು, ಮೆಲ್ಲಗೆ ಕೈಯಲ್ಲೇ ಒಗೆದೆ. ಮೊದಲನೇ ಸಲ ಏನೂ ಆಗಲಿಲ್ಲ. ಮೂರನೇ ಒಗೆತಕ್ಕೆ ಒಂದು ಗಂಟು ಸಡಿಲವಾಯಿತು. ದಾರದ ತುದಿಯ ಸಣ್ಣ ಸಣ್ಣ ಎಳೆ ಬಿಚ್ಚಿಕೊಂಡು ಪಕ್ಕದ ಗೆರೆಗೆ ತಗುಲಿ ಶಾರ್ಟ್ ಆಯಿತು, ಬ್ಯಾಟರಿ ಬೆಚ್ಚಗಾಯಿತು. ಗಂಟಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಬೇಕಿತ್ತಂತೆ, ಆಮೇಲೆ ತಿಳಿಯಿತು. ಭೂತಗನ್ನಡಿ ಇಟ್ಟು ನೋಡಿದರೆ ದಾರ ಮಧ್ಯದಲ್ಲಿ ಎಲ್ಲೂ ಸವೆದಿಲ್ಲ. ಬಿಗಿಯಾದ ಬೋರ್ಡಿನ ತೂತಿನ ಅಂಚಿನಲ್ಲೇ, ಮೆತ್ತಗಿನ ಬಟ್ಟೆ ಶುರುವಾಗುವ ಆ ಒಂದು ಮಿಲಿಮೀಟರಿನಲ್ಲೇ ತೇಯ್ದಿದೆ. ಬಟ್ಟೆ ಮಡಚುತ್ತದೆ, ಬೋರ್ಡ್ ಮಡಚುವುದಿಲ್ಲ. ಇಬ್ಬರ ಜಗಳದಲ್ಲಿ ದಾರಕ್ಕೆ ಪೆಟ್ಟು.

ಬಟ್ಟೆಯ ಎಲೆಕ್ಟ್ರಾನಿಕ್ಸಿನ ಇತಿಹಾಸ ಅಂದರೆ ಈ ಒಂದು ಮಿಲಿಮೀಟರಿನ ಇತಿಹಾಸ ಅಂತ ನನಗೆ ಅನ್ನಿಸುತ್ತದೆ. 1956ರಲ್ಲಿ ಜಪಾನಿನ ಕಲಾವಿದೆ ಅತ್ಸುಕೊ ತನಾಕಾ ಬಣ್ಣ ಬಳಿದ ಬಲ್ಬುಗಳನ್ನೇ ಮೈತುಂಬ ಉಡುಪಿನ ಹಾಗೆ ಹೊದ್ದು ನಿಂತಿದ್ದರು. ಅಲ್ಲಿ ಬಟ್ಟೆಯೇ ಇಲ್ಲ, ವೈರ್ ಮತ್ತು ಧೈರ್ಯ ಮಾತ್ರ. 1990ರ ದಶಕದ ಕೊನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮ್ಯಾಗಿ ಆರ್ಥ್ ಮತ್ತು ರೆಮಿ ಪೋಸ್ಟ್ ದಾರವನ್ನೇ ತಂತಿ ಮಾಡಿದರು. ರೇಷ್ಮೆ ಎಳೆಗೆ ಲೋಹದ ತೆಳು ಹಾಳೆ ಸುತ್ತಿದ, ನಮ್ಮ ಜರಿಯಂಥ ಬಟ್ಟೆ ಬಳಸಿದರು, ಕಸೂತಿ ಯಂತ್ರದಲ್ಲಿ ಕೀಬೋರ್ಡನ್ನೇ ಹೊಲಿದರು. 2021ರಲ್ಲಿ ಅದೇ ಎಂಐಟಿಯ ಯೋಯೆಲ್ ಫಿಂಕ್ ತಂಡ ಇನ್ನೂ ಮುಂದೆ ಹೋಯಿತು. ದಪ್ಪ ಪ್ಲಾಸ್ಟಿಕ್ ದಿಂಡಿನೊಳಗೆ ನೂರಾರು ಸಣ್ಣ ಚಿಪ್ ಇಟ್ಟು, ಬಿಸಿ ಮಾಡಿ, ಸೂಜಿಯಲ್ಲಿ ಪೋಣಿಸುವಷ್ಟು ತೆಳ್ಳಗೆ ಎಳೆದರು. ಚಿಪ್‌ಗಳಿಗೆ ಸಂಪರ್ಕ ಒಳಗೇ ಇರುತ್ತದೆ, ಗಂಟು ಹಾಕುವ ಕೆಲಸವೇ ಇಲ್ಲ. ಅಷ್ಟಾದರೂ ಅವರು ಹೇಳಿಕೊಂಡದ್ದು ಕನಿಷ್ಠ ಹತ್ತು ಒಗೆತ ತಡೆಯುತ್ತದೆ ಅಂತ. ಫುಡಾನ್ ಬಟ್ಟೆ 100 ಸಲ ತೊಳೆದು ಒಣಗಿಸಿದರೂ ಬೆಳಕು ಕಳಕೊಳ್ಳಲಿಲ್ಲ. ನಿಮ್ಮ ಲೇಖನದಲ್ಲಿ ಬರಬೇಕಾಗಿದ್ದ ಅಂಕಿ ಇದು ಸ್ವಾಮಿ, 5 ಲಕ್ಷ ಅಲ್ಲ.

ಹಾಗಂತ ಪ್ರಯೋಗಾಲಯದಲ್ಲಿ ತೊಳೆಯುವುದೂ ಮನೆಯಲ್ಲಿ ಒಗೆಯುವುದೂ ಒಂದೇ ಅಲ್ಲ. ನೀರೊಂದರಿಂದಲೇ ಹಾಳಾಗುವುದಿಲ್ಲ. ಸೋಪಿನಲ್ಲಿ ರಾಸಾಯನಿಕ ಇದೆ, ತಿರುಗುವಾಗ ಝಿಪ್ಪು, ಗುಂಡಿ ತಿಕ್ಕುತ್ತವೆ, ಮೈ ಬೆವರಿನ ಉಪ್ಪು ಬೆಳ್ಳಿ ಲೇಪಿಸಿದ ದಾರವನ್ನು ಕಪ್ಪು ಮಾಡುತ್ತದೆ. ಕರೆಂಟ್ ಹರಿಯುವ ನೇಯ್ದ, ಹೆಣೆದ ಬಟ್ಟೆ ಹೇಗಿರಬೇಕು ಅಂತ ಎಲೆಕ್ಟ್ರಾನಿಕ್ಸ್ ಉದ್ಯಮದ ಐಪಿಸಿ ಸಂಸ್ಥೆಯ ಐಪಿಸಿ-8921 ಅನ್ನುವ ಮಾನದಂಡ ಬಂದದ್ದೇ 2019ರಲ್ಲಿ. ಬಟ್ಟೆಯ ಕಡೆಯವರು ಒಗೆತ ಎಣಿಸಿಕೊಂಡು ಬಂದವರು, ಎಲೆಕ್ಟ್ರಾನಿಕ್ಸ್ ಕಡೆಯವರು ಎಷ್ಟು ಗಂಟೆ ಕೆಲಸ ಮಾಡುತ್ತೆ ಅಂತ ಎಣಿಸಿಕೊಂಡು ಬಂದವರು. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಲು ಇಷ್ಟು ಕಾಲ ಹಿಡಿಯಿತು.

ಗೂಗಲ್ ಮತ್ತು ಲೀವೈಸ್ ಸೇರಿ 2017ರಲ್ಲಿ ಮಾರಿದ ಜಾಕೆಟ್ಟಿನ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ತೋಳಿನ ತುದಿಯಲ್ಲಿ ಕರೆಂಟ್ ಹರಿಯುವ ಎಳೆ ನೇಯ್ದಿದ್ದರು, ಕೈ ಸವರಿದರೆ ಫೋನಿನಲ್ಲಿ ಹಾಡು ಬದಲಾಗುತ್ತಿತ್ತು. ಬ್ಯಾಟರಿ, ರೇಡಿಯೊ ಎಲ್ಲ ಇದ್ದದ್ದು ಒಂದು ಸಣ್ಣ ಪಟ್ಟಿಯಲ್ಲಿ, ಒಗೆಯುವಾಗ ಗುಂಡಿ ಥರ ಬಿಚ್ಚಿ ತೆಗೆದಿಡುವುದು. ಬಹಳ ಜಾಣ ಉಪಾಯ, ನಮ್ಮ ಮಾಡ್ಯೂಲಿನದೇ ಬುದ್ಧಿ. ಬಟ್ಟೆ ಚೆನ್ನಾಗೇ ಇತ್ತು. ಆದರೆ 2023ರಲ್ಲಿ ಅದರ ಆ್ಯಪ್ ನಿಲ್ಲಿಸಿಬಿಟ್ಟರು. ಆಮೇಲೆ ಅದು ಬರೀ ಜಾಕೆಟ್ಟು. ಕನೆಕ್ಟರ್ ಮುರಿದರೆ ನಾನು ಬದಲಿಸಬಲ್ಲೆ, ಆ್ಯಪ್ ನಿಂತರೆ ಯಾವ ಏಣಿ ಹತ್ತಲಿ?

ಇಂಥ ಸುದ್ದಿ ಬೇಡ ಅನ್ನುತ್ತಿಲ್ಲ, ಇನ್ನೂ ಜಾಸ್ತಿ ಬರಲಿ. ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬೆಳಗುವ ಅಂಗಿಯ ಫೋಟೊ ಹಾಕುವಾಗ ಬ್ಯಾಟರಿ ಎಲ್ಲಿದೆ ಅಂತ ಒಂದು ಸಾಲು ಬರೆಸಿ. ಫೋಟೊದಲ್ಲಿ ಅದು ಯಾವಾಗಲೂ ಬೆನ್ನ ಹಿಂದೆ ಅಡಗಿರುತ್ತದೆ! ಎಷ್ಟು ಸಲ ಒಗೆದು ನೋಡಿದ್ದಾರೆ ಅಂತ ಕೇಳಿಸಿ. ಒಂದು ಚುಕ್ಕೆ ಸತ್ತರೆ ಒಂದು ಚುಕ್ಕೆ ಹೋಗುತ್ತೋ, ಸಾಲು ಹೋಗುತ್ತೋ, ಇಡೀ ಅಂಗಿ ಹೋಗುತ್ತೋ ಅಂತ ಕೇಳಿಸಿ. ಹಳೆಯದಾದ ಮೇಲೆ ಅದನ್ನು ಬಟ್ಟೆಯ ರಾಶಿಗೆ ಹಾಕಬೇಕೋ, ಇ-ತ್ಯಾಜ್ಯಕ್ಕೆ ಹಾಕಬೇಕೋ ಅಂತಲೂ ಕೇಳಬಹುದು. ಬೆಳ್ಳಿ, ಪ್ಲಾಸ್ಟಿಕ್, ಹತ್ತಿ ಒಂದೇ ಎಳೆಯಲ್ಲಿ ಹೊಸೆದುಕೊಂಡಿದ್ದರೆ ಬಿಡಿಸುವುದು ಸುಲಭ ಅಲ್ಲ. ಉತ್ತರ ಇಲ್ಲ ಅಂದರೆ 'ಉತ್ತರ ಇಲ್ಲ' ಅಂತಲೇ ಹಾಕಿ, ನಮಗೇನೂ ಬೇಜಾರಿಲ್ಲ.

ನನ್ನ ಟೀಶರ್ಟು ಈಗ ಅಕ್ಕನ ಹೊಲಿಗೆ ಯಂತ್ರದ ಪಕ್ಕ ಇದೆ. ಐದರಲ್ಲಿ ಎರಡು ಉರಿಯುತ್ತವೆ. ಈ ಸಲ ಬೋರ್ಡಿನ ತೂತಿಗೂ ದಾರಕ್ಕೂ ನಡುವೆ ಪ್ರೆಸ್ ಬಟನ್ ಹಾಕೋಣ, ಒಗೆಯುವಾಗ ಬೋರ್ಡನ್ನೇ ತೆಗೆದುಬಿಡಬಹುದು ಅಂತ ಅವಳೇ ಹೇಳಿದ್ದಾಳೆ. ಲೋಹದ ಪ್ರೆಸ್ ಬಟನ್ ಅಂದರೆ ಕನೆಕ್ಟರ್ರೇ ತಾನೇ. ಭಾನುವಾರ ಕೂರುತ್ತೇವೆ.

ವಂದನೆಗಳೊಂದಿಗೆ,
ನಿಮ್ಮ ಹಳೇ ಓದುಗ, ಡಿಸ್‌ಪ್ಲೇ ರಿಪೇರಿಯವನು